ಪರಿಮಾಣಾತ್ಮಕ ಇಇಜಿ

ಪರಿಮಾಣಾತ್ಮಕ ಇಇಜಿ ಎಂಬುದು ವ್ಯಕ್ತಿಯೊಬ್ಬರ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ನೆತ್ತಿಯ ಮೇಲಿನಿಂದ ದಾಖಲಿಸಿ, ಆ ದಾಖಲೆಯನ್ನು ಗಣಕಯಂತ್ರದ ನೆರವಿನಿಂದ ಅಂಕಿಗಳಾಗಿ ಪರಿವರ್ತಿಸಿ, ಅದೇ ವಯೋಮಾನದ ಆರೋಗ್ಯವಂತರ ಸಮೂಹದಿಂದ ಪಡೆದ ಅಂಕಿಗಳೊಡನೆ ಹೋಲಿಸುವ ವಿಧಾನ. ಇದನ್ನು ಕ್ಯೂಇಇಜಿ ಎಂಬ ಹ್ರಸ್ವರೂಪದಿಂದಲೂ, ಆಡುಮಾತಿನಲ್ಲಿ ಬ್ರೈನ್ ಮ್ಯಾಪಿಂಗ್ ಎಂಬ ಹೆಸರಿನಿಂದಲೂ ಕರೆಯುವುದುಂಟು. ಸಾಮಾನ್ಯ ಇಇಜಿಯಲ್ಲಿ ತಜ್ಞ ವೈದ್ಯರು ತರಂಗಗಳ ಗೆರೆಗಳನ್ನು ಕಣ್ಣಿನಿಂದ ಓದಿ ಅಭಿಪ್ರಾಯ ನೀಡುತ್ತಾರೆ. ಪರಿಮಾಣಾತ್ಮಕ ಇಇಜಿಯಲ್ಲಿ ಅದರ ಜೊತೆಗೆ ಪ್ರತಿಯೊಂದು ಅಳತೆಯೂ ಆರೋಗ್ಯವಂತರ ಸರಾಸರಿಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಸಂಖ್ಯೆಯಲ್ಲಿ ಹೇಳಲಾಗುತ್ತದೆ.

ಸರಾಸರಿಯಿಂದ ದೂರವಿರುವುದು ಮತ್ತು ರೋಗವಿರುವುದು ಒಂದೇ ಅಲ್ಲ. ಈ ಎರಡರ ನಡುವಿನ ಅಂತರವನ್ನು ಮರೆತಾಗ ಆರೋಗ್ಯವಂತ ಮಗುವಿಗೆ ಇಲ್ಲದ ಕಾಯಿಲೆಯ ಹಣೆಪಟ್ಟಿ ಅಂಟಬಹುದು. ನಿಜವಾದ ಕಾಯಿಲೆಯೊಂದು ಗಮನಕ್ಕೆ ಬಾರದೆ ಉಳಿಯಲೂಬಹುದು. ಆದ್ದರಿಂದ ಈ ವಿಧಾನದ ಬಗೆಗಿನ ಚರ್ಚೆಯಲ್ಲಿ ಯಾರೊಡನೆ ಹೋಲಿಸಲಾಯಿತು, ಹೇಗೆ ಹೋಲಿಸಲಾಯಿತು, ಬಂದ ಉತ್ತರಕ್ಕೆ ಅರ್ಥವೇನು ಎಂಬ ಮೂರು ಪ್ರಶ್ನೆಗಳು ಮುಖ್ಯವಾಗಿವೆ.

ಇತಿಹಾಸ

ಪ್ರಾಣಿಗಳ ಮಿದುಳಿನಲ್ಲಿ ವಿದ್ಯುತ್ ಪ್ರವಾಹವಿರುವುದನ್ನು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ರಿಚರ್ಡ್ ಕೇಟನ್ 1875ರಲ್ಲಿ ವರದಿ ಮಾಡಿದರು. ಮನುಷ್ಯನ ಮಿದುಳಿನ ತರಂಗಗಳನ್ನು ಮೊದಲು ದಾಖಲಿಸಿದವರು ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಅವರು 1924ರಲ್ಲಿ ದಾಖಲೆ ಪಡೆದರೂ ಐದು ವರ್ಷ ಪರೀಕ್ಷಿಸಿ, 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ನೆಮ್ಮದಿಯಾಗಿ ಕುಳಿತಾಗ ಸೆಕೆಂಡಿಗೆ ಸುಮಾರು ಹತ್ತು ಬಾರಿ ಏರಿಳಿಯುವ ತರಂಗವನ್ನು ಅವರು ಆಲ್ಫಾ ಎಂದು ಕರೆದರು. ಕಣ್ಣು ತೆರೆದೊಡನೆ ಅದು ಕುಗ್ಗುವುದನ್ನೂ ಅವರೇ ಗುರುತಿಸಿದರು. ಆರಂಭದಲ್ಲಿ ವಿಜ್ಞಾನಲೋಕ ಈ ಶೋಧವನ್ನು ಸಂದೇಹದಿಂದ ಕಂಡಿತು. 1934ರಲ್ಲಿ ಕೇಂಬ್ರಿಜ್‌ನ ಎಡ್ಗರ್ ಏಡ್ರಿಯನ್ ಮತ್ತು ಬ್ರಯಾನ್ ಮ್ಯಾಥ್ಯೂಸ್ ಅದನ್ನು ಸ್ವತಂತ್ರವಾಗಿ ದೃಢಪಡಿಸಿದ ಮೇಲೆ ಅದಕ್ಕೆ ಮನ್ನಣೆ ದೊರೆಯಿತು.

ತರಂಗಗಳನ್ನು ಅಂಕಿಗಳಾಗಿಸುವ ಯತ್ನವೂ ಹೆಚ್ಚುಕಡಿಮೆ ಅಷ್ಟೇ ಹಳೆಯದು. 1932ರಲ್ಲಿ ಡೀಟ್ಶ್ ಎಂಬ ವಿಜ್ಞಾನಿ ಇಇಜಿ ದಾಖಲೆಗೆ ಫೂರಿಯೇ ವಿಶ್ಲೇಷಣೆಯನ್ನು ಅನ್ವಯಿಸಿದರು. ಸಂಕೀರ್ಣವಾದ ಅಲೆಯೊಂದನ್ನು ಅನೇಕ ಸರಳ ಅಲೆಗಳ ಮೊತ್ತವಾಗಿ ಬಿಡಿಸಿ ನೋಡುವ ಗಣಿತ ಇದು. ಕೈಯಿಂದ ಮಾಡುವಾಗ ಕೆಲವು ಸೆಕೆಂಡುಗಳ ದಾಖಲೆಗೂ ಬಹಳ ಶ್ರಮ ಹಿಡಿಯುತ್ತಿತ್ತು. 1965ರಲ್ಲಿ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಪ್ರಕಟಿಸಿದ ಶೀಘ್ರ ಫೂರಿಯೇ ಲೆಕ್ಕವಿಧಾನ ಹಾಗೂ ಗಣಕಯಂತ್ರಗಳ ಪ್ರಸಾರದಿಂದ ಈ ಕೆಲಸ ಸುಲಭವಾಯಿತು.

ಆರೋಗ್ಯವಂತರ ಸಮೂಹದೊಡನೆ ಹೋಲಿಸುವ ಕ್ರಮಕ್ಕೆ ಅಡಿಪಾಯ ಹಾಕಿದವರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಮಿಲೋಶ್ ಮಾಟೌಶೆಕ್ ಮತ್ತು ಇಂಗೆಮಾರ್ ಪೀಟರ್ಸೆನ್ ಪ್ರಮುಖರು. ಆರೋಗ್ಯವಂತ ಮಕ್ಕಳು ಮತ್ತು ಹದಿಹರೆಯದವರ ಇಇಜಿ ವಯಸ್ಸಿನೊಡನೆ ಹೇಗೆ ಬದಲಾಗುತ್ತದೆ ಎಂಬುದರ ಅಂಕಿಅಂಶಗಳನ್ನು ಅವರು 1973ರಲ್ಲಿ ಪ್ರಕಟಿಸಿದರು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಇ. ರಾಯ್ ಜಾನ್ 1977ರಲ್ಲಿ ಈ ಬಗೆಯ ಮಾಪನಕ್ಕೆ ನ್ಯೂರೋಮೆಟ್ರಿಕ್ಸ್ ಎಂಬ ಹೆಸರನ್ನು ಮುಂದಿಟ್ಟರು. ಅಮೆರಿಕ ಮತ್ತು ಸ್ವೀಡನ್ ದೇಶಗಳ ಆರೋಗ್ಯವಂತ ಮಕ್ಕಳಲ್ಲಿ ಇಇಜಿಯ ಬೆಳವಣಿಗೆಯನ್ನು ಒಂದೇ ಬಗೆಯ ಸಮೀಕರಣಗಳಲ್ಲಿ ಹೇಳಬಹುದೆಂದು ಅವರ ತಂಡ 1980ರಲ್ಲಿ ತೋರಿಸಿತು. 1979ರಲ್ಲಿ ಬಾಸ್ಟನ್ ನಗರದ ಫ್ರಾಂಕ್ ಡಫಿ ಮತ್ತು ಸಂಗಡಿಗರು ಅಂಕಿಗಳನ್ನು ತಲೆಯಾಕಾರದ ಬಣ್ಣದ ನಕ್ಷೆಯಾಗಿ ತೋರಿಸುವ ಪದ್ಧತಿಯನ್ನು ಪ್ರಕಟಿಸಿದರು. ಇಂದಿನ ವರದಿಗಳಲ್ಲಿ ಕಾಣುವ ಕೆಂಪು, ಹಳದಿ, ನೀಲಿ ವೃತ್ತಗಳಿಗೆ ಈ ಪದ್ಧತಿಯೇ ಮೂಲ.

ದಾಖಲಿಸುವ ಕ್ರಮ

ಪರೀಕ್ಷೆಗೆ ಒಳಗಾಗುವವರ ನೆತ್ತಿಯ ಮೇಲೆ ವಿದ್ಯುದ್ವಾರಗಳೆಂಬ ಲೋಹದ ಪುಟ್ಟ ಬಿಲ್ಲೆಗಳನ್ನು ವಾಹಕ ಲೇಪನದ ನೆರವಿನಿಂದ ಅಂಟಿಸುತ್ತಾರೆ, ಇಲ್ಲವೇ ಅವುಗಳನ್ನು ಜೋಡಿಸಿದ ಟೋಪಿಯನ್ನು ತೊಡಿಸುತ್ತಾರೆ. ಇದರಿಂದ ದೇಹದೊಳಕ್ಕೆ ಯಾವ ವಿದ್ಯುತ್ತೂ ಹರಿಯುವುದಿಲ್ಲ, ನೋವೂ ಇಲ್ಲ. ಬಿಲ್ಲೆಗಳನ್ನು ಇಡುವ ಸ್ಥಾನಗಳು ಹರ್ಬರ್ಟ್ ಜಾಸ್ಪರ್ 1958ರಲ್ಲಿ ಪ್ರಕಟಿಸಿದ 10-20 ಪದ್ಧತಿಯಂತೆ ನಿಗದಿಯಾಗಿವೆ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಮತ್ತು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಅಳೆದು, ಆ ದೂರವನ್ನು ಶೇಕಡಾ ಹತ್ತು ಮತ್ತು ಇಪ್ಪತ್ತರ ಭಾಗಗಳಾಗಿ ವಿಂಗಡಿಸುವುದರಿಂದ ಈ ಹೆಸರು ಬಂದಿದೆ. ತಲೆ ಚಿಕ್ಕದಿರಲಿ ದೊಡ್ಡದಿರಲಿ, ಬಿಲ್ಲೆಗಳು ಅನುರೂಪ ಸ್ಥಾನಗಳಲ್ಲೇ ಕೂರುತ್ತವೆ. ಹೋಲಿಕೆಗೆ ಇದು ಮೊದಲ ಅಗತ್ಯ. ಬಹುತೇಕ ದತ್ತಸಂಚಯಗಳು ಇಂತಹ 19 ಸ್ಥಾನಗಳನ್ನು ಆಧರಿಸಿವೆ.

ನೆತ್ತಿಯ ಮೇಲೆ ಸಿಗುವ ಸಂಕೇತ ಬಹಳ ಕ್ಷೀಣವಾದುದು. ಅದನ್ನು ವೋಲ್ಟಿನ ಹತ್ತು ಲಕ್ಷದಲ್ಲಿ ಒಂದು ಭಾಗವಾದ ಮೈಕ್ರೋವೋಲ್ಟ್‌ಗಳಲ್ಲಿ ಅಳೆಯುತ್ತಾರೆ. ಆದುದರಿಂದ ಮಿದುಳಿಗೆ ಸಂಬಂಧಿಸದ ಸಂಕೇತಗಳೂ ದಾಖಲೆಯಲ್ಲಿ ಸುಲಭವಾಗಿ ಬೆರೆಯುತ್ತವೆ. ಕಣ್ಣು ಮಿಟುಕಿಸಿದರೆ ಹಣೆಯ ಭಾಗದಲ್ಲಿ ದೊಡ್ಡ ನಿಧಾನ ಅಲೆ ಮೂಡುತ್ತದೆ. ಹಲ್ಲು ಕಚ್ಚಿದರೆ ಸ್ನಾಯುವಿನ ವೇಗದ ಅಲೆಗಳು ಬರುತ್ತವೆ. ಬೆವರಿದರೆ ಗೆರೆ ಮೆಲ್ಲಗೆ ತೇಲಾಡುತ್ತದೆ. ಗೋಡೆಯ ವಿದ್ಯುತ್ ತಂತಿಯಿಂದ ಭಾರತದಲ್ಲಿ 50 ಹರ್ಟ್ಸ್‌ನ, ಅಮೆರಿಕದಲ್ಲಿ 60 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ ಸೇರಿಕೊಳ್ಳುತ್ತದೆ. ಗಣಕ ಇವನ್ನೆಲ್ಲ ತಾನಾಗಿಯೇ ಪೂರ್ಣವಾಗಿ ಬೇರ್ಪಡಿಸಲಾರದು. ತರಬೇತಾದವರು ಮೂಲ ಗೆರೆಗಳನ್ನು ಕಣ್ಣಾರೆ ನೋಡಿ, ಕಲಬೆರಕೆಯಾದ ಭಾಗಗಳನ್ನು ತೆಗೆದುಹಾಕಿ, ಉಳಿದ ಶುದ್ಧ ಭಾಗವನ್ನಷ್ಟೇ ಲೆಕ್ಕಕ್ಕೆ ಕೊಡಬೇಕು.

ಏನನ್ನು ಅಳೆಯುತ್ತಾರೆ

ಅಲೆಯೊಂದು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬುದು ಅದರ ಆವೃತ್ತಿ. ಇದರ ಮಾನ ಹರ್ಟ್ಸ್. ಆವೃತ್ತಿಗೆ ಅನುಗುಣವಾಗಿ ಮಿದುಳಿನ ತರಂಗಗಳನ್ನು ಸ್ಥೂಲವಾಗಿ ಹೀಗೆ ವಿಂಗಡಿಸುತ್ತಾರೆ:

ಡೆಲ್ಟಾ: 4 ಹರ್ಟ್ಸ್‌ಗಿಂತ ಕಡಿಮೆ. ಗಾಢನಿದ್ರೆಯಲ್ಲಿ ಪ್ರಧಾನ.
ಥೀಟಾ: 4ರಿಂದ 8 ಹರ್ಟ್ಸ್. ತೂಕಡಿಕೆಯಲ್ಲಿ ಮತ್ತು ಚಿಕ್ಕ ಮಕ್ಕಳಲ್ಲಿ ಹೆಚ್ಚು.
ಆಲ್ಫಾ: 8ರಿಂದ 13 ಹರ್ಟ್ಸ್. ಕಣ್ಣು ಮುಚ್ಚಿ ಎಚ್ಚರವಿರುವಾಗ ಹಿಂದಲೆಯಲ್ಲಿ ಸ್ಪಷ್ಟ.
ಬೀಟಾ: 13ರಿಂದ 30 ಹರ್ಟ್ಸ್. ಎಚ್ಚರದ ಸ್ಥಿತಿಯಲ್ಲಿ, ಕೆಲವು ಔಷಧಗಳ ಪ್ರಭಾವದಲ್ಲಿ ಹೆಚ್ಚು.
ಗಾಮಾ: 30 ಹರ್ಟ್ಸ್‌ಗಿಂತ ಹೆಚ್ಚು. ನೆತ್ತಿಯ ಮೇಲಿಂದ ಅಳೆಯುವಾಗ ಸ್ನಾಯುವಿನ ಸಂಕೇತದಿಂದ ಬೇರ್ಪಡಿಸುವುದು ಕಷ್ಟ.

ಈ ಪಟ್ಟಿಗಳ ಗಡಿಗಳು ಗ್ರಂಥದಿಂದ ಗ್ರಂಥಕ್ಕೆ ತುಸು ಬದಲಾಗುತ್ತವೆ. ಪ್ರತಿ ಸ್ಥಾನದಲ್ಲೂ ಪ್ರತಿ ಪಟ್ಟಿಯ ಶಕ್ತಿ ಎಷ್ಟೆಂಬುದು ಮೊದಲ ಅಳತೆ. ತಲೆಬುರುಡೆಯ ದಪ್ಪ ಮುಂತಾದ ಕಾರಣಗಳಿಂದ ಒಟ್ಟು ಶಕ್ತಿ ಒಬ್ಬರಿಂದ ಒಬ್ಬರಿಗೆ ಬಹಳ ವ್ಯತ್ಯಾಸವಾಗುವುದರಿಂದ, ಒಟ್ಟಿನಲ್ಲಿ ಆಯಾ ಪಟ್ಟಿಯ ಪಾಲು ಶೇಕಡಾ ಎಷ್ಟೆಂಬ ಸಾಪೇಕ್ಷ ಶಕ್ತಿಯನ್ನೂ ಲೆಕ್ಕಹಾಕುತ್ತಾರೆ. ಇದನ್ನು ಓದುವಾಗ ಒಂದು ಎಚ್ಚರಿಕೆ ಬೇಕು: ಒಂದರ ಪಾಲು ಹೆಚ್ಚಿದರೆ ಉಳಿದವುಗಳ ಪಾಲು ತಾನಾಗಿಯೇ ಇಳಿಯುತ್ತದೆ. ಆಲ್ಫಾ ಸಮೃದ್ಧವಾಗಿರುವ ವ್ಯಕ್ತಿಯಲ್ಲಿ ಬೀಟಾ ಕೊರತೆ ಇದೆ ಎಂದು ಕಾಣಬಹುದು; ನಿಜದಲ್ಲಿ ಬೀಟಾ ಎಂದಿನಷ್ಟೇ ಇರಬಹುದು. ಇವಲ್ಲದೆ ಆಲ್ಫಾ ಶಿಖರದ ಆವೃತ್ತಿ, ಎಡಬಲಗಳ ಸಮತೋಲನ, ಎರಡು ಸ್ಥಾನಗಳ ತರಂಗಗಳು ಎಷ್ಟರಮಟ್ಟಿಗೆ ಒಟ್ಟಿಗೆ ನಡೆಯುತ್ತವೆ ಎಂಬ ಸಹಬದ್ಧತೆ ಇವೂ ಅಳತೆಗಳೇ. ನೆತ್ತಿಯ ಮೇಲಿನ ಸಂಕೇತದಿಂದ ಮಿದುಳಿನ ಒಳಗಿನ ಮೂಲವನ್ನು ಅಂದಾಜಿಸುವ ಲೋರೆಟಾ ಎಂಬ ವಿಧಾನವನ್ನು ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿದ್ದ ರಾಬರ್ಟೊ ಪಾಸ್ಕ್ವಾಲ್-ಮಾರ್ಕಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು.

ಆಧಾರ ಸಮೂಹ

ಹೋಲಿಕೆಗೆ ಒದಗುವ ಆರೋಗ್ಯವಂತರ ಗುಂಪನ್ನು ಆಧಾರ ಸಮೂಹವೆಂದೂ, ಅವರ ಅಂಕಿಗಳ ಸಂಗ್ರಹವನ್ನು ಮಾನಕ ದತ್ತಸಂಚಯವೆಂದೂ ಕರೆಯಬಹುದು. ತತ್ತ್ವ ಹೊಸದೇನಲ್ಲ. ಅಂಗನವಾಡಿಯಲ್ಲಿ ಮಗುವಿನ ತೂಕವನ್ನು ಬೆಳವಣಿಗೆಯ ನಕ್ಷೆಯ ಮೇಲೆ ಗುರುತಿಸುವಾಗ ನಡೆಯುವುದೂ ಇದೇ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಪ್ರಕಟಿಸಿದ ಮಕ್ಕಳ ಬೆಳವಣಿಗೆಯ ಮಾನಕಗಳನ್ನು ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಒಮಾನ್ ಮತ್ತು ಅಮೆರಿಕ ದೇಶಗಳ ಆರೋಗ್ಯವಂತ ಮಕ್ಕಳ ಅಳತೆಗಳಿಂದ ಸಿದ್ಧಪಡಿಸಲಾಯಿತು. ಆದರೆ ತಕ್ಕಡಿಯ ಮೇಲೆ ಮಗುವಿನ ತೂಕ ಒಂದೇ ಸಂಖ್ಯೆ. ಇಇಜಿಯಲ್ಲಿ ನೂರಾರು ಸಂಖ್ಯೆಗಳಿವೆ, ಮತ್ತು ಅವು ಎಚ್ಚರ, ನಿದ್ದೆ, ಔಷಧ, ಉಪಕರಣ ಇವೆಲ್ಲಕ್ಕೂ ತಕ್ಕಂತೆ ಬದಲಾಗುತ್ತವೆ.

ಯಾರು ಆರೋಗ್ಯವಂತರು ಎಂಬುದನ್ನು ನಿರ್ಧರಿಸುವುದೇ ಮೊದಲ ಕಷ್ಟ. ತಲೆಗೆ ಪೆಟ್ಟು, ಅಪಸ್ಮಾರ, ಮಾನಸಿಕ ಕಾಯಿಲೆ, ಮಾದಕ ವಸ್ತುಗಳ ಬಳಕೆ, ಹೆರಿಗೆಯ ಕಾಲದ ತೊಡಕು, ಶಾಲೆಯಲ್ಲಿ ಕಲಿಕೆಯ ತೊಂದರೆ ಇವು ಇಲ್ಲದವರನ್ನು ಸಾಮಾನ್ಯವಾಗಿ ಆಯ್ದುಕೊಳ್ಳುತ್ತಾರೆ. ಆಯ್ಕೆ ತೀರಾ ಸಡಿಲವಾದರೆ ಸಮೂಹದಲ್ಲಿ ರೋಗಿಗಳೂ ಸೇರುತ್ತಾರೆ. ತೀರಾ ಬಿಗಿಯಾದರೆ ಎಲ್ಲ ವಿಧದಲ್ಲೂ ಆದರ್ಶಪ್ರಾಯರಾದ ಕೆಲವರೇ ಉಳಿದು, ಸಾಮಾನ್ಯ ಮನುಷ್ಯರೆಲ್ಲ ಅವರ ಮುಂದೆ ಕೊರತೆಯುಳ್ಳವರಾಗಿ ಕಾಣುತ್ತಾರೆ.

ವಯಸ್ಸಿನ ಪಾತ್ರ ಇನ್ನೂ ದೊಡ್ಡದು. ಹಿಂದಲೆಯ ಪ್ರಧಾನ ಲಯ ಮೂರು-ನಾಲ್ಕು ತಿಂಗಳ ಶಿಶುವಿನಲ್ಲಿ 3ರಿಂದ 4 ಹರ್ಟ್ಸ್‌ನಷ್ಟು ನಿಧಾನವಾಗಿರುತ್ತದೆ. ಒಂದು ವರ್ಷದ ಹೊತ್ತಿಗೆ ಸುಮಾರು 6, ಮೂರು ವರ್ಷದ ಹೊತ್ತಿಗೆ ಸುಮಾರು 8, ಹತ್ತು ವರ್ಷದ ಹೊತ್ತಿಗೆ ಸುಮಾರು 10 ಹರ್ಟ್ಸ್ ಮುಟ್ಟುತ್ತದೆ. ಮುಪ್ಪಿನಲ್ಲಿ ಅದು ಮತ್ತೆ ತುಸು ನಿಧಾನವಾಗಬಹುದು. ಆದ್ದರಿಂದ ಒಂದು ವಯಸ್ಸಿನಲ್ಲಿ ಆರೋಗ್ಯದ ಗುರುತಾಗಿರುವ ತರಂಗ ಮತ್ತೊಂದು ವಯಸ್ಸಿನಲ್ಲಿ ರೋಗದ ಸೂಚನೆಯಾಗಬಹುದು.

ಪರಿಸ್ಥಿತಿಯೂ ಒಂದೇ ಆಗಿರಬೇಕು. ಕಣ್ಣು ಮುಚ್ಚಿದ ದಾಖಲೆಯನ್ನು ಕಣ್ಣು ಮುಚ್ಚಿದವರ ದಾಖಲೆಯೊಡನೆಯೇ ಹೋಲಿಸಬೇಕು. ವಿದ್ಯುತ್ ಅಂತರವನ್ನು ಕಿವಿಯ ಹಾಲೆಗೆ ಹೋಲಿಸಿ ಅಳೆದಿದ್ದರೆ, ಸಮೂಹದ್ದೂ ಹಾಗೆಯೇ ಅಳೆದದ್ದಾಗಿರಬೇಕು. ಬೇರೆ ಉಪಕರಣ ಬಳಸಿದಾಗ ಅದು ಸಂಕೇತವನ್ನು ಹಿಗ್ಗಿಸುವ ಮತ್ತು ಸೋಸುವ ರೀತಿಯನ್ನು ಸರಿಹೊಂದಿಸಿಕೊಳ್ಳಬೇಕು.

ಝಡ್ ಅಂಕ

ಹೋಲಿಕೆಯ ಫಲಿತಾಂಶವನ್ನು ಸಾಮಾನ್ಯವಾಗಿ ಝಡ್ ಅಂಕದ ರೂಪದಲ್ಲಿ ಕೊಡುತ್ತಾರೆ. ವ್ಯಕ್ತಿಯ ಅಳತೆಯಿಂದ ಸಮೂಹದ ಸರಾಸರಿಯನ್ನು ಕಳೆದು, ಬಂದದ್ದನ್ನು ಸಮೂಹದ ಮಾನಕ ವಿಚಲನೆಯಿಂದ ಭಾಗಿಸಿದರೆ ಈ ಅಂಕ ದೊರೆಯುತ್ತದೆ. ಸಮೂಹದೊಳಗಿನ ವ್ಯಕ್ತಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಚದುರಿರುತ್ತಾರೆ ಎಂಬುದರ ಅಳತೆಯೇ ಮಾನಕ ವಿಚಲನೆ. ಝಡ್ ಅಂಕ ಸೊನ್ನೆಯಾದರೆ ವ್ಯಕ್ತಿ ಸರಿಯಾಗಿ ಸರಾಸರಿಯಲ್ಲಿದ್ದಾನೆ. ಧನಾಂಕವಾದರೆ ಅದಕ್ಕಿಂತ ಮೇಲೆ, ಋಣಾಂಕವಾದರೆ ಕೆಳಗೆ.

ಲೆಕ್ಕದ ಅನುಕೂಲಕ್ಕಾಗಿ ಒಂದು ಕಲ್ಪಿತ ಉದಾಹರಣೆಯನ್ನು ನೋಡಬಹುದು. ಒಂದು ಮಗುವಿನ ಆಲ್ಫಾ ಶಿಖರ 8.3 ಹರ್ಟ್ಸ್‌ನಲ್ಲಿದೆ, ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಸರಾಸರಿ 9.5, ಮಾನಕ ವಿಚಲನೆ 0.8 ಎಂದುಕೊಳ್ಳೋಣ. ವ್ಯತ್ಯಾಸ 1.2ನ್ನು 0.8ರಿಂದ ಭಾಗಿಸಿದರೆ ಅಂಕ ಋಣ 1.5 ಆಗುತ್ತದೆ. ಅಂದರೆ ಆರೋಗ್ಯವಂತ ಮಕ್ಕಳಲ್ಲಿಯೇ ನೂರಕ್ಕೆ ಸುಮಾರು ಏಳು ಮಂದಿ ಇದಕ್ಕಿಂತಲೂ ನಿಧಾನವಾದ ಲಯವುಳ್ಳವರು, ಗಾಬರಿಗೆ ಕಾರಣವಿಲ್ಲ. ಅದೇ ಮಗುವನ್ನು ಸರಾಸರಿ 10, ಮಾನಕ ವಿಚಲನೆ 0.8 ಇರುವ ವಯಸ್ಕರ ಸಮೂಹದೊಡನೆ ಹೋಲಿಸಿದರೆ ಅಂಕ ಋಣ 2.1 ದಾಟಿ, ವರದಿಯಲ್ಲಿ ಅಸಹಜ ಎಂದು ಗುರುತಾಗುತ್ತದೆ. ಹೋಲಿಸಿದ ಸಮೂಹ ಬದಲಾಯಿತೇ ಹೊರತು ಮಗುವಿನ ಮಿದುಳು ಬದಲಾಗಲಿಲ್ಲ.

ಈ ಲೆಕ್ಕ ಸರಿಯಾಗಬೇಕಾದರೆ ಸಮೂಹದ ಅಂಕಿಗಳು ಗಂಟೆಯಾಕಾರದ ವಕ್ರರೇಖೆಯಂತೆ ಸರಾಸರಿಯ ಎರಡೂ ಬದಿಗೆ ಸಮವಾಗಿ ಹರಡಿರಬೇಕು. ಇಇಜಿ ಶಕ್ತಿಯ ಅಂಕಿಗಳು ಹಾಗಿರುವುದಿಲ್ಲ. ಬಹುಮಂದಿ ಕಡಿಮೆ ಬೆಲೆಗಳಲ್ಲಿ ಒತ್ತಾಗಿ, ಕೆಲವರು ಬಹಳ ಹೆಚ್ಚಿನ ಬೆಲೆಗಳಲ್ಲಿ ಚದುರಿರುತ್ತಾರೆ. ಆದ್ದರಿಂದ ಅವುಗಳ ಲಾಗರಿತಮ್ ತೆಗೆದುಕೊಂಡು ಬಳಿಕ ಲೆಕ್ಕ ಮಾಡುವುದು ರೂಢಿ.

ಅನೇಕ ಹೋಲಿಕೆಗಳ ತೊಡಕು

ಗಂಟೆಯಾಕಾರದ ಹರವಿನಲ್ಲಿ ಆರೋಗ್ಯವಂತರ ಪೈಕಿ ನೂರರಲ್ಲಿ 95 ಮಂದಿ ಧನ 1.96 ಮತ್ತು ಋಣ 1.96ರ ನಡುವೆ ಬರುತ್ತಾರೆ. ಉಳಿದ ಐವರು ಆರೋಗ್ಯವಂತರಾಗಿಯೂ ಆ ಗೆರೆಯ ಹೊರಗಿರುತ್ತಾರೆ. ಒಂದೇ ಅಳತೆಯಾದರೆ ಇದು ಸಣ್ಣ ಸಂಗತಿ. ಆದರೆ 19 ಸ್ಥಾನಗಳಲ್ಲಿ ಐದು ಪಟ್ಟಿಗಳನ್ನು ಅಳೆದರೆ 95 ಅಂಕಿಗಳಾಗುತ್ತವೆ. ಅವುಗಳಲ್ಲಿ ಸುಮಾರು ಐದು ಅಂಕಿಗಳು ಕೇವಲ ಆಕಸ್ಮಿಕವಾಗಿ ಗೆರೆಯಾಚೆ ಬೀಳುವುದು ನಿರೀಕ್ಷಿತ. 19 ಸ್ಥಾನಗಳನ್ನು ಎರಡೆರಡಾಗಿ ಜೋಡಿಸಿದರೆ 171 ಜೋಡಿಗಳು. ಐದು ಪಟ್ಟಿಗಳಲ್ಲಿ ಅವುಗಳ ಸಹಬದ್ಧತೆಯನ್ನು ಅಳೆದರೆ 855 ಅಂಕಿಗಳು. ಸರಾಸರಿಯಲ್ಲಿ 43ರಷ್ಟು ಅಂಕಿಗಳು ಸಂಪೂರ್ಣ ಆರೋಗ್ಯವಂತನಲ್ಲೂ ಅಸಹಜವೆಂದು ತೋರಬಹುದು.

ಅಕ್ಕಪಕ್ಕದ ಸ್ಥಾನಗಳ ಅಳತೆಗಳು ಪರಸ್ಪರ ಸಂಬಂಧ ಹೊಂದಿರುವುದರಿಂದ ಈ ತಪ್ಪು ಸೂಚನೆಗಳು ಬಿಡಿಬಿಡಿಯಾಗಿರದೆ ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತವೆ. ನಕ್ಷೆಯಲ್ಲಿ ಅವು ಒಂದು ಭಾಗವೇ ಕೆಟ್ಟಿದೆಯೋ ಎನ್ನುವಂತಹ ಕೆಂಪು ಮಚ್ಚೆಯಾಗಿ ಮೂಡಬಹುದು. ಈ ತೊಡಕನ್ನು ನಿವಾರಿಸಲು ಗಡಿಯನ್ನು ಬಿಗಿಗೊಳಿಸುವ ಸಂಖ್ಯಾಶಾಸ್ತ್ರೀಯ ತಿದ್ದುಪಡಿಗಳಿವೆ. ಎರಡು ಪ್ರತ್ಯೇಕ ದಾಖಲೆಗಳಲ್ಲಿ ಒಂದೇ ವ್ಯತ್ಯಾಸ ಮರುಕಳಿಸುತ್ತದೆಯೇ ಎಂದು ನೋಡುವುದು ಇನ್ನೊಂದು ಉಪಾಯ. ಏನನ್ನು ಹುಡುಕುತ್ತಿದ್ದೇವೆಂದು ಮೊದಲೇ ನಿಶ್ಚಯಿಸಿಕೊಂಡು ಆ ಅಳತೆಯನ್ನಷ್ಟೇ ಪರೀಕ್ಷಿಸುವುದು ಎಲ್ಲಕ್ಕಿಂತ ಉತ್ತಮ ಕ್ರಮ.

ಬಣ್ಣಗಳ ಬಗ್ಗೆಯೂ ಒಂದು ಮಾತು ಅಗತ್ಯ. ನಕ್ಷೆಯಲ್ಲಿ ಅಳತೆ ನಡೆದಿರುವುದು 19 ಬಿಂದುಗಳಲ್ಲಿ ಮಾತ್ರ. ನಡುವಿನ ಜಾಗವನ್ನು ಗಣಕ ಅಂದಾಜಿನಿಂದ ತುಂಬುತ್ತದೆ. ಯಾವ ಅಂಕಕ್ಕೆ ಕೆಂಪು ಬಣ್ಣ ಎಂಬುದು ತಂತ್ರಾಂಶ ಸಿದ್ಧಪಡಿಸಿದವರ ಆಯ್ಕೆ. ಮಾಪಕವನ್ನು ಬದಲಿಸಿದರೆ ಅದೇ ಅಂಕಿಗಳಿಂದ ತಿಳಿಹಸಿರಿನ ನಕ್ಷೆಯನ್ನೂ ಪಡೆಯಬಹುದು.

ಪ್ರಮುಖ ದತ್ತಸಂಚಯಗಳು

ರಾಯ್ ಜಾನ್ ಅವರ ನ್ಯೂಯಾರ್ಕ್ ಸಂಗ್ರಹದ ಬಳಿಕ ಹಲವು ಸಂಗ್ರಹಗಳು ರೂಪುಗೊಂಡವು. ಅಮೆರಿಕದ ರಾಬರ್ಟ್ ಥ್ಯಾಚರ್ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ ಸಂಗ್ರಹದಲ್ಲಿ ಎರಡು ತಿಂಗಳ ಶಿಶುವಿನಿಂದ 82 ವರ್ಷದವರೆಗಿನ 625 ವ್ಯಕ್ತಿಗಳಿದ್ದಾರೆ. ಈ ಸಂಖ್ಯೆ ದೊಡ್ಡದೆಂದು ಕಂಡರೂ ವಯಸ್ಸಿನ ಮೆಟ್ಟಿಲುಗಳಾಗಿ ಹಂಚಿದಾಗ ಒಂದೊಂದು ಮೆಟ್ಟಿಲಿಗೆ ಕೆಲವೇ ಮಂದಿ ಉಳಿಯುತ್ತಾರೆ.

ಕ್ಯೂಬಾ ದೇಶದ ಕೊಡುಗೆ ಈ ಕ್ಷೇತ್ರದಲ್ಲಿ ವಿಶಿಷ್ಟವಾದುದು. ಹವಾನಾದ ಕ್ಯೂಬನ್ ನರವಿಜ್ಞಾನ ಕೇಂದ್ರದ ಪೆಡ್ರೊ ವಾಲ್ಡೆಸ್-ಸೋಸಾ ಮತ್ತು ಸಹೋದ್ಯೋಗಿಗಳು 1990ರ ಸುಮಾರಿಗೆ ಆರೋಗ್ಯವಂತರ ಇಇಜಿ ಸಂಗ್ರಹಿಸಿದರು. ಅದರಲ್ಲಿ 5ರಿಂದ 97 ವರ್ಷದವರೆಗಿನ 211 ಮಂದಿ ಇದ್ದಾರೆ. ಈ ದಾಖಲೆಗಳನ್ನು ಮುಂದೆ ಸಂಶೋಧಕರಿಗೆ ಮುಕ್ತವಾಗಿ ತೆರೆದಿಡಲಾಯಿತು. 2022ರಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಯೋಜನೆಯೊಂದು ಒಂಬತ್ತು ದೇಶಗಳಲ್ಲಿ 12 ಬಗೆಯ ಉಪಕರಣಗಳಿಂದ ಪಡೆದ 1,564 ವ್ಯಕ್ತಿಗಳ ದಾಖಲೆಗಳನ್ನು ಒಂದುಗೂಡಿಸಿತು. ಬಾರ್ಬಡೋಸ್, ಚೀನಾ, ಕೊಲಂಬಿಯಾ, ಕ್ಯೂಬಾ, ಜರ್ಮನಿ, ಮಲೇಷ್ಯಾ, ರಷ್ಯಾ, ಸ್ವಿಟ್ಜರ್ಲೆಂಡ್ ಮತ್ತು ಅಮೆರಿಕ ಆ ದೇಶಗಳು. ಉಪಕರಣ ಮತ್ತು ಪ್ರಯೋಗಾಲಯಗಳ ವ್ಯತ್ಯಾಸಗಳು ಅಂಕಿಗಳ ಮೇಲೆ ಸ್ಪಷ್ಟ ಪರಿಣಾಮ ಬೀರುತ್ತವೆಂದು ಈ ಅಧ್ಯಯನದಿಂದ ತಿಳಿದುಬಂತು. ಅವುಗಳನ್ನು ಸರಿದೂಗಿಸುವ ಕ್ರಮವನ್ನೂ ಅದು ಸೂಚಿಸಿತು.

ಬೆಂಗಳೂರಿನ ಅಧ್ಯಯನ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಪ್ರತಿಮ್ ರೇ ಅವರ ತಂಡ ನಗರದ ಹಿರಿಯ ನಾಗರಿಕರಲ್ಲಿ ಇಇಜಿ ದಾಖಲಿಸಿ ನಡೆಸಿದ ಅಧ್ಯಯನಗಳು ಹೋಲಿಕೆಯ ಕ್ರಮಕ್ಕೆ ಉತ್ತಮ ನಿದರ್ಶನ. ಪರದೆಯ ಮೇಲೆ ಕಪ್ಪುಬಿಳುಪು ಪಟ್ಟೆಗಳ ಚಿತ್ರವನ್ನು ತೋರಿಸಿದಾಗ ಮಿದುಳಿನಲ್ಲಿ ಹುಟ್ಟುವ ಗಾಮಾ ತರಂಗಗಳು ಆರೋಗ್ಯವಂತರಲ್ಲಿಯೂ ವಯಸ್ಸಾದಂತೆ ಕ್ಷೀಣಿಸುತ್ತವೆಂದು 2020ರಲ್ಲಿ ಈ ತಂಡ ವರದಿ ಮಾಡಿತು. 2021ರ ಅಧ್ಯಯನದಲ್ಲಿ ಲಘು ಅರಿವಿನ ಕುಂದು ಮತ್ತು ಆಲ್‌ಝೈಮರ್ ಕಾಯಿಲೆಯ ಆರಂಭದ ಹಂತದಲ್ಲಿರುವವರನ್ನು ಅದೇ ವಯಸ್ಸಿನ, ಅದೇ ಲಿಂಗದ ಆರೋಗ್ಯವಂತರೊಡನೆ ಹೋಲಿಸಲಾಯಿತು; ಕಾಯಿಲೆಯವರಲ್ಲಿ ಗಾಮಾ ಇನ್ನಷ್ಟು ದುರ್ಬಲವಾಗಿತ್ತು. ವಯಸ್ಸಿನಿಂದ ಆಗುವ ಇಳಿಕೆಯನ್ನು ಮೊದಲು ಅರಿಯದಿದ್ದರೆ ಎರಡನೆಯ ಹೋಲಿಕೆಗೆ ಅರ್ಥವಿರುತ್ತಿರಲಿಲ್ಲ. ಆದರೂ ಇದು ಗುಂಪುಗಳ ನಡುವಿನ ವ್ಯತ್ಯಾಸ. ಒಬ್ಬ ವ್ಯಕ್ತಿಯ ರೋಗನಿರ್ಣಯಕ್ಕೆ ಇದರಿಂದಲೇ ನೇರವಾಗಿ ಹಾದಿಯಾಗುವುದಿಲ್ಲ.

ವೈದ್ಯಕೀಯ ಬಳಕೆ ಮತ್ತು ಮಿತಿ

ಅಪಸ್ಮಾರದ ಕೇಂದ್ರವನ್ನು ಗುರುತಿಸುವಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಮಿದುಳಿಗೆ ರಕ್ತ ಕಡಿಮೆಯಾಗುತ್ತಿದೆಯೇ ಎಂದು ಗಮನಿಸುವಲ್ಲಿ, ತೀವ್ರನಿಗಾ ಘಟಕದಲ್ಲಿ ಗಂಟೆಗಟ್ಟಲೆ ನಡೆಯುವ ದಾಖಲೆಯನ್ನು ಸಂಕ್ಷೇಪಿಸಿ ತೋರಿಸುವಲ್ಲಿ ಪರಿಮಾಣಾತ್ಮಕ ಇಇಜಿ ಉಪಯುಕ್ತವಾಗಿದೆ. ಶಸ್ತ್ರಚಿಕಿತ್ಸೆ ಮತ್ತು ತೀವ್ರನಿಗಾ ಘಟಕದ ಬಳಕೆಯಲ್ಲಿ ರೋಗಿಯನ್ನು ಬಹುಮಟ್ಟಿಗೆ ಅವರದೇ ಹಿಂದಿನ ಸ್ಥಿತಿಯೊಡನೆ ಹೋಲಿಸಲಾಗುತ್ತದೆ. ಒಬ್ಬರ ಇಇಜಿ ಕಾಲದಿಂದ ಕಾಲಕ್ಕೆ ಸಾಕಷ್ಟು ಸ್ಥಿರವಾಗಿರುವುದರಿಂದ ಇಂತಹ ಸ್ವಂತ ಹೋಲಿಕೆ ಸಮೂಹದೊಡನೆ ಮಾಡುವ ಹೋಲಿಕೆಗಿಂತ ಸೂಕ್ಷ್ಮ ಬದಲಾವಣೆಗಳನ್ನು ತೋರಬಲ್ಲುದು. ಮರೆಗುಳಿತನದ ಕಾಯಿಲೆಗಳಲ್ಲಿ ತರಂಗಗಳು ನಿಧಾನವಾಗುವುದನ್ನು ಅಳೆಯಲೂ ಈ ವಿಧಾನ ಪೂರಕವಾಗಿ ನೆರವಾಗುತ್ತದೆ.

ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ ಮತ್ತು ಅಮೆರಿಕನ್ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಸೊಸೈಟಿಗಳಿಗಾಗಿ ಮಾರ್ಕ್ ನೂವರ್ 1997ರಲ್ಲಿ ಸಿದ್ಧಪಡಿಸಿದ ವರದಿ ಈ ಮೇಲಿನ ಬಗೆಯ ಬಳಕೆಗಳಲ್ಲಿ, ತಜ್ಞರು ಸಾಮಾನ್ಯ ಇಇಜಿಯ ಜೊತೆಯಲ್ಲಿಯೇ ಓದಬೇಕೆಂಬ ಷರತ್ತಿನೊಡನೆ, ಇದಕ್ಕೆ ಅವಕಾಶ ಕೊಟ್ಟಿತು. ತಲೆಯ ಲಘು ಪೆಟ್ಟು, ಕಲಿಕೆಯ ತೊಂದರೆ, ಗಮನದ ಕೊರತೆ, ಖಿನ್ನತೆ, ಸ್ಕಿಜೋಫ್ರೇನಿಯಾ ಮುಂತಾದವುಗಳ ನಿರ್ಣಯಕ್ಕೆ ಸಾಕ್ಷ್ಯ ಸಾಲದೆಂದೂ, ನ್ಯಾಯಾಲಯದ ವ್ಯಾಜ್ಯಗಳಲ್ಲಿ ಇದನ್ನು ಬಳಸಬಾರದೆಂದೂ ಹೇಳಿತು. ಥ್ಯಾಚರ್, ಜಾನ್, ಡಫಿ ಮೊದಲಾದವರು 1999ರಲ್ಲಿ ಇದಕ್ಕೆ ಖಂಡನೆ ಬರೆದು, ವರದಿ ಲಭ್ಯ ಸಾಕ್ಷ್ಯಗಳಿಗೆ ನ್ಯಾಯ ಒದಗಿಸಿಲ್ಲವೆಂದು ವಾದಿಸಿದರು. ಈ ಭಿನ್ನಾಭಿಪ್ರಾಯ ಇನ್ನೂ ಪೂರ್ಣವಾಗಿ ಬಗೆಹರಿದಿಲ್ಲ.

ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯಾದ ಎಡಿಎಚ್‌ಡಿಯ ಕಥೆ ಈ ಚರ್ಚೆಗೆ ಪಾಠದಂತಿದೆ. ಇಂತಹ ಮಕ್ಕಳಲ್ಲಿ ಥೀಟಾ ಹೆಚ್ಚು, ಬೀಟಾ ಕಡಿಮೆ ಎಂಬ ವರದಿಗಳು 1990ರ ದಶಕದಲ್ಲಿ ಬಂದವು. ಇವೆರಡರ ಅನುಪಾತವನ್ನು ಅಳೆಯುವ ಉಪಕರಣವೊಂದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2013ರಲ್ಲಿ, 6ರಿಂದ 17 ವರ್ಷದವರಲ್ಲಿ ವೈದ್ಯರ ಪರೀಕ್ಷೆಗೆ ಪೂರಕವಾಗಿ ಬಳಸಲು ಅನುಮತಿ ನೀಡಿತು. ಆದರೆ ಅದೇ ವರ್ಷ ಮಾರ್ಟೈನ್ ಆರ್ನ್ಸ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಎರಡು ಗುಂಪುಗಳ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿರುವುದು ಕಂಡುಬಂತು. ತೊಂದರೆಯಿಲ್ಲದ ಮಕ್ಕಳ ಗುಂಪಿನಲ್ಲಿಯೇ ಅನುಪಾತ ಏರುತ್ತಿದ್ದುದು ಇದಕ್ಕೆ ಕಾರಣವಾಗಿ ತೋರಿತು. ಆಧಾರ ಸಮೂಹವೂ ಕಾಲಕ್ಕೆ ತಕ್ಕಂತೆ ಬದಲಾಗಬಹುದೆಂಬುದಕ್ಕೆ ಇದು ಸಾಕ್ಷಿ. ಈ ಅನುಪಾತ ವೈದ್ಯರ ಸಾಮಾನ್ಯ ಪರೀಕ್ಷೆಯ ಸ್ಥಾನವನ್ನು ತುಂಬಬಾರದೆಂದು 2016ರಲ್ಲಿ ಅಮೆರಿಕನ್ ಅಕಾಡೆಮಿ ಆಫ್ ನ್ಯೂರಾಲಜಿ ಸಲಹೆ ನೀಡಿತು.

ಔಷಧ ಮತ್ತು ನಿದ್ದೆಯ ಪರಿಣಾಮವನ್ನು ಕಡೆಗಣಿಸುವುದರಿಂದಲೂ ತಪ್ಪು ನಿರ್ಣಯಗಳು ಹುಟ್ಟುತ್ತವೆ. ಡಯಾಜೆಪಾಮ್‌ನಂತಹ ನಿದ್ರಾಜನಕ ಗುಂಪಿನ ಔಷಧಗಳು ಬೀಟಾವನ್ನು ಹೆಚ್ಚಿಸುತ್ತವೆ. ಪರೀಕ್ಷೆಯ ನಡುವೆ ತೂಕಡಿಸಿದರೆ ಆಲ್ಫಾ ಕುಗ್ಗಿ ಥೀಟಾ ಏರುತ್ತದೆ. ರಾತ್ರಿ ನಿದ್ದೆಗೆಟ್ಟು ಬಂದ ವಿದ್ಯಾರ್ಥಿಯ ದಾಖಲೆ ಹೀಗೆ ಗಮನದ ಕೊರತೆಯ ದಾಖಲೆಯನ್ನು ಹೋಲಬಹುದು. ಇದಕ್ಕೆ ವಿರುದ್ಧವಾಗಿ, ಅಪಸ್ಮಾರವನ್ನು ಸೂಚಿಸುವ ಚೂಪಾದ ಅಲೆಯೊಂದು ಕ್ಷಣಕಾಲ ಮಾತ್ರ ಕಾಣಿಸಿಕೊಂಡರೆ, ನಿಮಿಷಗಳ ಸರಾಸರಿಯಲ್ಲಿ ಅದು ಕರಗಿಹೋಗುತ್ತದೆ. ಎಲ್ಲ ಅಂಕಗಳೂ ಸಹಜವೆಂದು ತೋರುವ ವರದಿಯ ಹಿಂದೆ ಹೀಗೆ ನಿಜವಾದ ರೋಗ ಅಡಗಿರಬಹುದು. ಮೂಲ ಗೆರೆಗಳನ್ನು ತಜ್ಞರು ಓದಲೇಬೇಕು ಎಂಬ ನಿಯಮಕ್ಕೆ ಇದೇ ಕಾರಣ.

ಅಪರಾಧ ತನಿಖೆಯ ಬ್ರೈನ್ ಮ್ಯಾಪಿಂಗ್

ಕರ್ನಾಟಕದಲ್ಲಿ ಬ್ರೈನ್ ಮ್ಯಾಪಿಂಗ್ ಎಂಬ ಪದ ಪತ್ರಿಕೆಗಳ ಮೂಲಕ ಪರಿಚಿತವಾದದ್ದು ಹೆಚ್ಚಾಗಿ ಅಪರಾಧ ತನಿಖೆಗಳ ಸಂದರ್ಭದಲ್ಲಿ. ಅದು ಈ ಲೇಖನದ ವಿಷಯಕ್ಕಿಂತ ಭಿನ್ನವಾದುದು. ಅಲ್ಲಿ ಆರೋಗ್ಯವಂತರ ಸಮೂಹದೊಡನೆ ಹೋಲಿಕೆಯಿಲ್ಲ. ಕೆಲವು ಪದ ಅಥವಾ ಚಿತ್ರಗಳಿಗೆ ಆರೋಪಿಯ ಮಿದುಳು ತೋರುವ ಪ್ರತಿಕ್ರಿಯೆಯಿಂದ ಆತನಿಗೆ ಘಟನೆಯ ಪರಿಚಯವಿದೆಯೇ ಎಂದು ಊಹಿಸಲಾಗುತ್ತದೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪು ನೀಡಿ, ಇಂತಹ ಪರೀಕ್ಷೆಯನ್ನೂ ಮಂಪರು ಪರೀಕ್ಷೆ ಹಾಗೂ ಸುಳ್ಳುಪತ್ತೆ ಪರೀಕ್ಷೆಗಳನ್ನೂ ವ್ಯಕ್ತಿಯ ಸಮ್ಮತಿಯಿಲ್ಲದೆ ನಡೆಸುವುದು ಸಂವಿಧಾನಕ್ಕೆ ವಿರುದ್ಧವೆಂದು ಹೇಳಿತು. ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಯಾರನ್ನೂ ಬಲವಂತಪಡಿಸಬಾರದೆಂಬ 20(3)ನೆಯ ವಿಧಿ ಈ ತೀರ್ಪಿನ ಮುಖ್ಯ ಆಧಾರ.

ವರದಿಯನ್ನು ಅರ್ಥೈಸುವ ಕ್ರಮ

ಪರಿಮಾಣಾತ್ಮಕ ಇಇಜಿ ವರದಿಯೊಂದರ ಬೆಲೆಯನ್ನು ನಿರ್ಧರಿಸಲು ತಿಳಿದಿರಬೇಕಾದ ಅಂಶಗಳು ಇವು:

ಆಧಾರ ಸಮೂಹದಲ್ಲಿ ಆ ವಯಸ್ಸಿನವರು ಎಷ್ಟು ಮಂದಿ ಇದ್ದಾರೆ, ಅವರನ್ನು ಹೇಗೆ ಆಯ್ದುಕೊಳ್ಳಲಾಯಿತು.
ದಾಖಲಿಸುವಾಗ ವ್ಯಕ್ತಿ ಎಚ್ಚರವಾಗಿದ್ದರೇ, ಯಾವ ಔಷಧ ಸೇವಿಸುತ್ತಿದ್ದರು.
ಕಲಬೆರಕೆಯಾದ ಭಾಗಗಳನ್ನು ಯಾರು, ಹೇಗೆ ತೆಗೆದುಹಾಕಿದರು. ಉಳಿದ ಶುದ್ಧ ದಾಖಲೆ ಎಷ್ಟು ನಿಮಿಷಗಳದ್ದು.
ಒಟ್ಟು ಎಷ್ಟು ಅಳತೆಗಳನ್ನು ಹೋಲಿಸಲಾಯಿತು, ಅದಕ್ಕೆ ತಕ್ಕ ತಿದ್ದುಪಡಿ ನಡೆದಿದೆಯೇ.
ವ್ಯತ್ಯಾಸ ಎರಡನೆಯ ದಾಖಲೆಯಲ್ಲೂ ಕಂಡಿತೇ.
ಮೂಲ ಇಇಜಿಯನ್ನು ನರರೋಗ ತಜ್ಞರು ಓದಿದ್ದಾರೆಯೇ.
ವ್ಯಕ್ತಿಯ ನಿಜಜೀವನದ ತೊಂದರೆಗೂ ಅಂಕಿಯ ವ್ಯತ್ಯಾಸಕ್ಕೂ ಹೊಂದಾಣಿಕೆ ಇದೆಯೇ.

ಕೊನೆಯ ಅಂಶ ಎಲ್ಲಕ್ಕಿಂತ ತೂಕದ್ದು. ಓದು, ಆಟ, ನಿದ್ದೆ, ಮಾತುಗಳಲ್ಲಿ ಯಾವ ತೊಡಕೂ ಇಲ್ಲದ ಮಗುವಿನ ನಕ್ಷೆಯಲ್ಲಿ ಕೆಂಪು ಮಚ್ಚೆ ಕಂಡರೆ, ಆ ಅಳತೆಯಲ್ಲಿ ಅದು ಬಹುಮಂದಿಗಿಂತ ಭಿನ್ನ ಎಂದಷ್ಟೇ ಹೇಳಬಹುದು. ತೊಡಕಿರುವ ಮಗುವಿನ ನಕ್ಷೆ ಪೂರ್ತಿ ಹಸಿರಾಗಿದ್ದರೂ ಆ ತೊಡಕು ಇಲ್ಲವೆಂದಾಗುವುದಿಲ್ಲ. ಝಡ್ ಅಂಕ ಹೇಳುವುದು ವ್ಯಕ್ತಿ ಸಮೂಹದಲ್ಲಿ ಎಲ್ಲಿ ನಿಂತಿದ್ದಾರೆ ಎಂಬುದನ್ನು ಮಾತ್ರ. ಅವರಿಗೆ ಚಿಕಿತ್ಸೆ ಬೇಕೇ ಎಂಬುದನ್ನು ಅವರ ಚರಿತ್ರೆ ಕೇಳಿ, ಪರೀಕ್ಷಿಸಿ ನಿರ್ಧರಿಸುವ ಹೊಣೆ ವೈದ್ಯರದು.

ಇವನ್ನೂ ನೋಡಿ

ಮಿದುಳು
ಅಪಸ್ಮಾರ
ಹಾನ್ಸ್ ಬರ್ಗರ್
ಮಾನಕ ವಿಚಲನೆ
ಫೂರಿಯೇ ವಿಶ್ಲೇಷಣೆ